ಹುಳುಮನೆಯಲ್ಲಿ ಸರಸಮ್ಮ

ಹುಳಕ್ಕೆ ಸೊಪ್ಪು ಹಾಕುದ್ರಾ ಯಾರಾದ್ರೂವೆ — ಬಲೆ ಹೊಡೆದ ಕಿಟಕಿಯಿಂದ ಸರಸಮ್ಮನ ದನಿ ಬಂತು, ಯಾರನ್ನೂ ಕೇಳಿದ್ದಲ್ಲ, ಗೋಡೆಯನ್ನು ಕೇಳಿದಂತೆ, ಸೂರನ್ನು ಕೇಳಿದಂತೆ, ಹಿತ್ತಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಕುಡಿಯುವ ನೀರು ಮರಳುವುದನ್ನು ನೋಡುತ್ತಿದ್ದ ಗಂಡ ರಾಮಲಿಂಗಯ್ಯನ ಕೈಯಲ್ಲಿದ್ದ ಸೌದೆ ಒಲೆಗೆ ಹೋಗದೆ ಅಲ್ಲೇ ನಿಂತಿತು, ಸೊಪ್ಪೇ, ಯಾವ ಹುಳಕ್ಕೆ, ಹುಳುಮನೆಯಲ್ಲಿ ರೇಷ್ಮೆ ಹುಳವಿಲ್ಲದೆ ಆರು ತಿಂಗಳಾಯಿತು, ತಟ್ಟೆಗಳನ್ನೆಲ್ಲ ತೊಳೆದು ಅಟ್ಟಕ್ಕೆ ಹಾಕಿ, ಸ್ಟ್ಯಾಂಡು ಬಿಚ್ಚಿ, ಗೋಡೆಗೆ ಮೂರು ಸಲ ಸುಣ್ಣ ಬಳಿದು ಅವಳ ಮಂಚವನ್ನು ನಟ್ಟನಡುವೆ ಹಾಕಿದವನು ಅವನೇ, ಅದು ಅವಳಿಗೂ ಗೊತ್ತು, ನಿನ್ನೆ ಸಾಯಂಕಾಲವಷ್ಟೇ ನಕ್ಕಿದ್ದಳು, ನನ್ನೊಬ್ಳನ್ನೇ ಸಾಕ್ತಿದ್ದೀಯಲ್ಲ, ಗೂಡು ಕಟ್ಟುದ್ಮೇಲೆ ರಾಮನಗರದ ಮಾರ್ಕೆಟ್ಟಿಗೆ ಹಾಕು, ಏಸಕ್ಕೆ ಹೋದೇನು ನೋಡಾಣ ಅಂತ, ಅಷ್ಟು ಬುದ್ಧಿ ನೆಟ್ಟಗಿದ್ದವಳು ಈಗ ಸೊಪ್ಪು ಕೇಳುತ್ತಾಳೆ ಅಂದರೆ — ನಿದ್ದೆಗಣ್ಣಿರಬೇಕು, ಇಪ್ಪತ್ತಾರು ವರ್ಷ ಬೆಳಗಿನ ಈ ಹೊತ್ತಿಗೆ ಸೊಪ್ಪು ಹಾಕಿದ ಕೈ, ಕನಸಿನಲ್ಲೂ ಹೊತ್ತು ಮರೆಯುವುದಿಲ್ಲ, ಅಷ್ಟೇ, ಅಷ್ಟೇ ಇರಲಿ ದೇವರೇ, ಆದರೆ ಬೆಂಗಳೂರಿನ ಆಸ್ಪತ್ರೆಯ ಸಿಸ್ಟರಮ್ಮ ಬೆರಳೆತ್ತಿ ಹೇಳಿ ಕಳಿಸಿದ್ದು ಇದನ್ನೇ, ಮೈ ಮುಟ್ಟಿ ನೋಡಿ ಸುಮ್ಮನಾಗಬೇಡಿ, ಕೈಗೆ ಗೊತ್ತಾಗಲ್ಲ, ಮಾತು ಒಂಚೂರು ಅತ್ತಿತ್ತ ಆದ್ರೂ ಥರ್ಮಾಮೀಟರ್ ಇಡಿ, ಮದ್ದು ಮುಗಿದ ಎಂಟನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಜೋಪಾನ, ರಕ್ತದಲ್ಲಿ ಕಾವಲು ಕಾಯೋರೇ ಇರಲ್ಲ ಆವಾಗ — ಇವತ್ತು ಹತ್ತನೇ ದಿನ.

ಅವನು ಎದ್ದ, ಎದ್ದವನು ಓಡಲಿಲ್ಲ, ಓಡಿದರೆ ಧೂಳು ಏಳುತ್ತದೆ, ಮೈ ಬೆವರುತ್ತದೆ, ಬೆವರಿನ ಮೈಯಲ್ಲಿ ಒಳಗೆ ಹೋಗುವಂತಿಲ್ಲ, ಬಾಗಿಲ ಮುಂದೆ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ನೆನೆದ ಗೋಣಿತಾಟು, ಅದರ ಮೇಲೆ ಎರಡೂ ಪಾದ ಒತ್ತಿ ನಿಂತ, ಮೊಣಕೈವರೆಗೆ ಸೋಪು ಹಚ್ಚಿದ, ಬಿಸಿಲಲ್ಲಿ ಒಣಗಿಸಿದ ಪಂಚೆ ಸುತ್ತಿದ, ಮೂಗು ಬಾಯಿಗೆ ಬಟ್ಟೆ ಕಟ್ಟಿದ, ಹುಳ ಸಾಕುವಾಗಲೂ ಮಾಡಿದ್ದು ಇದನ್ನೇ ತಾನೇ, ಹೊರಗಿನ ಕಾಲು ಒಳಗೆ ಬರಬಾರದು, ಬೀಡಿ ಸೇದಿದ ಬಾಯಿ ಬರಬಾರದು, ಪಕ್ಕದೂರಲ್ಲಿ ಹುಳ ಸತ್ತಿದ್ದರೆ ಆ ಊರಿನ ನೆಂಟರೂ ಬಾಗಿಲಲ್ಲೇ ಮಾತಾಡಿಕೊಂಡು ಹೋಗಬೇಕು, ಆಸ್ಪತ್ರೆಯಲ್ಲಿ ಮಿಕ್ಕ ರೋಗಿಗಳ ಕಡೆಯವರಿಗೆಲ್ಲ ನಾಲ್ಕು ಸಲ ಹೇಳಿದರೂ ತಲೆಗೆ ಹತ್ತದೆ ಇದ್ದದ್ದು ಅವನಿಗೆ ಒಂದೇ ಸಲಕ್ಕೆ ಹತ್ತಿತ್ತು, ಡಾಕ್ಟರಮ್ಮ ಕೇಳಿದ್ದರು, ನೀವೇನು ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೀರಾ, ಇಲ್ಲ ತಾಯಿ ನಾವು ಹೊಂಗನೂರವರು, ರೇಷ್ಮೆ ಮಾಡ್ತೀವಿ ಅಂದಿದ್ದ, ವಾಸದ ಮನೆಯಲ್ಲಿ ದನ ಕಟ್ಟುತ್ತೇವೆ, ಸೂರಿನಲ್ಲಿ ಇಲಿ ಓಡುತ್ತದೆ, ಅಡುಗೆ ಹೊಗೆ ಬೇರೆ, ಊರಿಗೆಲ್ಲ ಶುದ್ಧವಾದ ಜಾಗ ಯಾವುದು ಅಂತ ಮೂರು ದಿನ ಯೋಚನೆ ಮಾಡಿ ಅವಳನ್ನು ಇಲ್ಲಿಗೆ ತಂದ, ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರದಂತೆ ಕಿಟಕಿಗಳಿಗೆ ಬಲೆ ಮೊದಲೇ ಇತ್ತು, ಮಂಚದ ನಾಲ್ಕೂ ಕಾಲಿಗೆ ನೀರು ತುಂಬಿದ ಇರುವೆ ಬಟ್ಟಲು ಇಟ್ಟ, ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮ ಬೇಲಿಯಾಚೆ ನಿಂತು ಬೀದಿಗೆಲ್ಲ ಕೇಳುವಂತೆ ಅಂದಳು, ನೋಡ್ರವ್ವ ಇವ್ನ, ಹೆಂಡ್ರುನ್ನ ಹುಳ ಸಾಕ್ದಂಗೆ ಸಾಕ್ತಾವ್ನೆ, ನಾಕನೇ ಜ್ವರ ಎದ್ಬುಟ್ರೆ ಸೊಪ್ಪು ಜಾಸ್ತಿ ತಿಂದಾಳು ಕಣೋ ರಾಮ್ಲಿಂಗ, ಜ್ವರ ಅಂದರೆ ಹುಳ ಸಾಕುವವರ ಮಾತಿನಲ್ಲಿ ಪೊರೆ ಬಿಡುವ ಮುಂಚಿನ ನಿದ್ದೆ, ತಲೆಯೆತ್ತಿ ಉಪವಾಸ ಕೂತು ಹುಳ ಹೊಸ ಮೈ ತರುತ್ತದೆ, ಮುದುಕಿ ತಮಾಷೆಗೆ ಅಂದದ್ದು, ಅವಳ ಬಾಯಲ್ಲಿ ಆ ಮಾತು ಬಂದದ್ದಕ್ಕೇ ಅವನು ಒಳಗೆ ಹೋಗಿ ಥರ್ಮಾಮೀಟರು ಎಲ್ಲಿದೆ ಅಂತ ನೋಡಿಕೊಂಡ, ಇನ್ನೊಂದು ಭಯ ಅವನು ಯಾರಿಗೂ ಹೇಳಿಲ್ಲ, ಪ್ರತಿ ಬೆಳೆಗೂ ಮೊದಲು ಈ ಮನೆಗೆ ಔಷಧಿ ಹೊಡೆಯುತ್ತಿದ್ದವಳು ಅವಳು, ಅವನ ಕಣ್ಣು ಉರಿಯುತ್ತದೆ ಅಂತ ಪಂಪನ್ನು ಕಿತ್ತುಕೊಂಡು ಮೂಗಿಗೆ ಸೆರಗು ಕಟ್ಟಿ ಹೊಡೆಯುತ್ತಿದ್ದಳು, ಈ ಕಾಯಿಲೆ ಅದರಿಂದ ಬಂತಾ ತಾಯಿ ಅಂತ ಕೇಳಿದ್ದಕ್ಕೆ ಡಾಕ್ಟರಮ್ಮ ಯಾವುದರಿಂದ ಬಂತು ಅಂತ ಯಾರಿಗೂ ಹೇಳೋಕಾಗಲ್ಲ, ಅದನ್ನ ತಲೆಯಿಂದ ತೆಗೆದುಬಿಡಿ ಅಂದರು, ತೆಗೆಯುವುದು ಹೇಗೆ, ಸುಣ್ಣದ ವಾಸನೆಯ ಅಡಿಯಲ್ಲಿ ಆ ಘಾಟು ಇನ್ನೂ ಇದೆ ಅನ್ನಿಸಿ ದಿನವೂ ಗೋಡೆಗೆ ಮೂಗು ಇಟ್ಟು ಮೂಸಿ ನೋಡುತ್ತಾನೆ.

ಒಳಗೆ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ, ಕೂದಲಿಲ್ಲದ ತಲೆಗೆ ಕಟ್ಟಿದ ಹತ್ತಿ ಬಟ್ಟೆ ಸಡಿಲವಾಗಿ ಜಾರಿದೆ, ಯಾರ್ನ ಕೇಳ್ದೆ ಅಮ್ಮಿ ಸೊಪ್ಪು ಅಂದ, ಯಾವ ಸೊಪ್ಪು ಅಂದಳು, ಈಗ ನೀನೇ ಅಂದ್ಯಲ್ಲ, ನಾನಾ, ನಾನೇನೂ ಅನ್ನಿಲ್ಲ, ನಿನ್ ಕಿವಿ ಹೋಗೈತೆ ನವ್ಯನಪ್ಪ ಅಂತ ನಕ್ಕಳು, ನಗು ನೆಟ್ಟಗೇ ಇತ್ತು, ಕಣ್ಣು ಮಾತ್ರ ಒಲೆಯ ಮುಂದೆ ಕೂತು ಬಂದವಳ ಹಾಗೆ ಕೆಂಪಗಿತ್ತು, ಅವನು ಮಾತು ಬೆಳೆಸದೆ ಥರ್ಮಾಮೀಟರು ತೆಗೆದು ಮೂರು ಸಲ ಕೊಡವಿದ, ಬಾಯಲ್ಲಿ ಹುಣ್ಣಿರುವುದರಿಂದ ಕಂಕುಳಲ್ಲಿ ಇಡಬೇಕು, ಸಣ್ಣ ಅಂಕಿ ನಿಮಗೆ ಕಾಣದಿದ್ದರೆ ಅಂತ ಸಿಸ್ಟರಮ್ಮ ತನ್ನ ಉಗುರಿಗೆ ಹಚ್ಚುವ ಬಣ್ಣದಲ್ಲಿ ನೂರರ ಗೆರೆಯ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟುಕೊಟ್ಟಿದ್ದಳು, ಬೆಳ್ಳಿ ಗೆರೆ ಚುಕ್ಕೆಯ ಕೆಳಗಿದ್ದರೆ ಮನೆ, ಚುಕ್ಕೆ ದಾಟಿದರೆ ಆಸ್ಪತ್ರೆ, ನಾಳೆ ನೋಡೋಣ ಅನ್ನೋದಿಲ್ಲ, ಮಾತ್ರೆ ಕೊಟ್ಟು ಕಾಯೋದಿಲ್ಲ, ಕೂಡಲೇ ಹೊರಡಿ, ಅವನು ಕೈಗಡಿಯಾರವನ್ನು ಹುಳುಮನೆಗೆ ತರುವುದಿಲ್ಲ, ಪದ್ಯ ಎಣಿಸುತ್ತಾನೆ, ಅಪ್ಪ ಶ್ರಾವಣದ ತಿಂಗಳೆಲ್ಲ ಚಾವಡಿಯಲ್ಲಿ ದೀಪದ ಮುಂದೆ ಕೂತು ರಾಗವಾಗಿ ಓದುತ್ತಿದ್ದ ಪದ್ಯಗಳು, ಒಂದೊಂದಕ್ಕೂ ಸುಮಾರು ಒಂದು ನಿಮಿಷ, ನಾಲ್ಕು ಮನಸ್ಸಿನಲ್ಲೇ ಹೇಳಿ ಮುಗಿಸಿದರೆ ತೆಗೆಯಬಹುದು, ಮೊದಲನೆಯದು ಗಣಪತಿಯದು, ಸಲೀಸಾಗಿ ಹೋಯಿತು, ಎರಡನೆಯದು ಶಾರದೆಯದು, ಅಪ್ಪ ಓದುತ್ತಿದ್ದ, ಅರ್ಥ ಹೇಳುವವರು ಅರ್ಥ ಹೇಳುತ್ತಿದ್ದರು, ರಾಮಲಿಂಗಯ್ಯನ ಕೆಲಸ ಎದುರಿಗೆ ಕೂತು ಹೂಂಗುಟ್ಟುವುದು, ಕೇಳುವವನು ಹೂಂ ಅನ್ನದಿದ್ದರೆ ಓದುವವನಿಗೆ ಉಸಿರು ನಿಲ್ಲುತ್ತದೆ ಕಣ್ಲಾ ಅನ್ನುತ್ತಿದ್ದ ಅಪ್ಪ, ಹಾಗೆ ಹೂಂ ಅಂದು ಅಂದು ಅದೇ ಅವನ ಸ್ವಭಾವವಾಗಿ ಹೋಯಿತು, ಹೆದ್ದಾರಿ ಅಗಲವಾಗಿ ಬಿಡದಿಯಲ್ಲಿ ಕಾರ್ಖಾನೆಗಳು ಎದ್ದ ಮೇಲೆ ಸೈಟು ಮಾಡುವವರು ಬಿಳಿ ಕಾರಿನಲ್ಲಿ ಬಂದು ಹಿಪ್ಪುನೇರಳೆಯ ಕಡ್ಡಿ ತೋಟ ಕೇಳಿದಾಗಲೂ ಅವನು ಜಗಲಿಯಲ್ಲಿ ಕೂತು ಹೂಂ, ಹೂಂ ಅನ್ನುತ್ತಲೇ ಇದ್ದ, ಸರಸಮ್ಮ ಒಳಗಿಂದ ಬಂದು ಕೊಡಾಕಿಲ್ಲ, ಕಾಫಿ ಕುಡ್ದು ಎದ್ದೇಳಿ ಅಂದಳು, ಆ ಮನೆಯಲ್ಲಿ ಇಲ್ಲ ಅನ್ನುವ ಕೆಲಸ ಯಾವತ್ತೂ ಅವಳದು, ಅವಳು ಯಾರಿಗಾದರೂ ಇಲ್ಲ ಅನ್ನಬಹುದು, ಅವಳಿಗೆ ಇಲ್ಲ ಅನ್ನುವವರು ಯಾರು — ಕಾರ್ತಿಕದಲ್ಲಿ ಅವಳ ತೊಡೆ ತೋಳಿನ ಮೇಲೆಲ್ಲ ನೀಲಿ ಕಲೆ ಎದ್ದು, ಸಂಜೆ ಸಂಜೆ ಜ್ವರ ಬಂದು, ಚನ್ನಪಟ್ಟಣದ ಡಾಕ್ಟರು ರಕ್ತದ ಚೀಟಿ ನೋಡಿ ಎದ್ದು ನಿಂತು, ಮನೆಗೂ ಹೋಗಬೇಡಿ, ಇಲ್ಲಿಂದಲೇ ಬೆಂಗಳೂರು ಬಸ್ಸು ಹತ್ತಿ ಅಂದಾಗ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನ ತೋಳು ಹಿಡಿದು ಕೇಳಿದ್ದಳು, ಹುಳ ಹಣ್ಣಾಗ್ತಾ ಐತೆ ಕಣಪ್ಪ, ಇನ್ನೂರು ಮೊಟ್ಟೆ ಬೆಳೆ, ಮೂರೇ ದಿನ, ಚಂದ್ರಿಕೆಗೆ ಬುಟ್ಟು ಹೋಗಾಣ, ಹಣ್ಣಾದ ಹುಳವನ್ನು ಹೊತ್ತಿಗೆ ಸರಿಯಾಗಿ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡದಿದ್ದರೆ ಅದು ಗೋಡೆ ಸಂದಿಯಲ್ಲೆಲ್ಲ ಹರಿದಾಡಿ ನೂಲು ಉಗುಳಿ ಸಾಯುತ್ತದೆ, ಹುಳ ಸಾಕುವವರಿಗೆ ಅದಕ್ಕಿಂತ ದೊಡ್ಡ ಪಾಪವಿಲ್ಲ, ಅವನು ಹೂಂ ಅಂದ.

ಮೂರನೆಯ ಪದ್ಯ ಎಲ್ಲಿಗೆ ಬಂತು, ಗುರುವಿನದು, ಅರ್ಧಕ್ಕೆ ಬಿಟ್ಟಿದ್ದಾನೆ, ಮತ್ತೆ ಮೊದಲಿಂದ — ಮೂರು ದಿನ ಅವಳು ಇದೇ ಮನೆಯಲ್ಲಿ ಕಲೆ ಕಲೆಯಾದ ಕೈಯಲ್ಲಿ ಜೇನು ಬಣ್ಣಕ್ಕೆ ತಿರುಗಿದ ಹುಳಗಳನ್ನು ಒಂದೊಂದಾಗಿ ಆರಿಸಿದಳು, ಮೂರನೆಯ ದಿನ ಬಗ್ಗಿದವಳ ಮೂಗಿನಿಂದ ರಕ್ತ ತೊಟ್ಟಿಕ್ಕಿತು, ಒಂದು ಹನಿ ಹುಳದ ಮೇಲೇ ಬಿತ್ತು, ಹುಳ ತಲೆ ಎತ್ತಿ ಅತ್ತಿತ್ತ ಆಡಿಸಿತು, ರಕ್ತ ನಿಲ್ಲಲಿಲ್ಲ, ಬೆಂಗಳೂರಿನಲ್ಲಿ ಬ್ಲಡ್ ಕ್ಯಾನ್ಸರ್ ಅಂದರು, ಅದಕ್ಕೆ ಮದ್ದಿದೆ ಅಂದರು, ಆದರೆ ಎದೆಯಲ್ಲಿ ಸೋಂಕು ಕೂತುಬಿಟ್ಟಿದೆ, ಮದ್ದು ಶುರು ಮಾಡೋಕೇ ಆಗುತ್ತಿಲ್ಲ, ಎಲ್ಲಿ ಹೋಗಿದ್ರಿ ಮೂರು ದಿನ, ಚೀಟಿಯಲ್ಲಿ ತಾರೀಖು ಇದೆಯಲ್ಲ ಅಂತ ಡಾಕ್ಟರಮ್ಮ ಕೇಳಿದಾಗ ಹುಳ ಹಣ್ಣಾಗಿತ್ತು ತಾಯಿ ಅನ್ನುವ ಬದಲು ಅವನು ಚೀಟಿ ಈಸಿಕೊಂಡು ಮಡಿಸಿ ಜೇಬಿಗೆ ಹಾಕಿಕೊಂಡ, ಹದಿನೇಳು ದಿನ ಅವಳು ಮೂಗಿಗೆ ಕೊಳವೆ ಹಾಕಿಕೊಂಡು ಇದ್ದಳೋ ಇಲ್ಲವೋ ಅನ್ನುವಂತೆ ಇದ್ದಳು, ಅವನು ಕೈಪಂಪಿನ ಹತ್ತಿರ ಅವಳ ಬಟ್ಟೆ ಒಗೆಯುತ್ತ, ವಾಂತಿಯ ಬೋಗುಣಿ ತೊಳೆಯುತ್ತ, ಗಂಜಿ ಕುಡಿಸುತ್ತ, ಗಂಡಸರು ಹೀಗೆಲ್ಲ ಮಾಡೋದು ನೋಡೇ ಇಲ್ಲ ಅಂತ ಅಲ್ಲಿನ ಹೆಂಗಸರು ಅಂದರೆ ಮುಖ ಮುಚ್ಚಿಕೊಳ್ಳುತ್ತಿದ್ದ, ಅದು ಅವರು ತಿಳಿದುಕೊಂಡ ಹಾಗೆ ಪ್ರೀತಿಯಲ್ಲ ತಾಯಂದಿರೇ, ಪ್ರಾಯಶ್ಚಿತ್ತ, ಅಲ್ಲ, ಪ್ರೀತಿಯೂ ಇತ್ತು, ಅವಳು ಬದುಕಿದಳು, ಅಳಿಯ ಲೋಕೇಶ ಬಿಡದಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು, ರಾತ್ರಿ ಪಾಳಿ ಮುಗಿಸಿದ ಆರು ಹುಡುಗರನ್ನು ಕಂಪನಿಯ ನೀಲಿ ಅಂಗಿಯಲ್ಲೇ ಕರೆತಂದು ರಕ್ತ ಕೊಡಿಸಿದ, ಮೊದಲ ಸುತ್ತಿನ ಮದ್ದು ಮುಗಿದು ಸೊಂಟದ ಮೂಳೆಗೆ ಸೂಜಿ ಹಾಕಿ ನೋಡಿ ರೋಗ ಕಾಣ್ತಿಲ್ಲ ಅಂದರು, ಆದರೆ ಬೇರು ಉಳಿದಿರುತ್ತೆ, ಇನ್ನೂ ಮೂರು ಸುತ್ತು, ಎರಡಾಯಿತು, ಇದು ಮೂರನೆಯದರ ಹತ್ತನೇ ದಿನ, ದಡ ಕಾಣುತ್ತಿದೆ, ಕಾಲಿಗೆ ನೆಲ ಸಿಕ್ಕಿಲ್ಲ, ಹಾಗೆ ದಡ ಕಂಡವಳೇ ಅಲ್ಲವೇ ಪಕ್ಕದ ಮಂಚದ ರಮ್ಯ, ಮಾಗಡಿ ಕಡೆ ಕುರಿ ಸಾಕುವ ಸಿದ್ದರಾಮುವಿನ ಹೆಂಡತಿ, ಇಪ್ಪತ್ತೆರಡು ವರ್ಷ, ಇವಳನ್ನು ಅಕ್ಕಾ ಅಕ್ಕಾ ಅನ್ನುತ್ತಿದ್ದಳು, ಎರಡನೇ ಸುತ್ತು ಮುಗಿಸಿ ಊರಿಗೆ ಹೋದವಳಿಗೆ ಭಾನುವಾರ ಸಂಜೆ ಮೈ ಬಿಸಿಯಾಯಿತು, ಬೆಳಗ್ಗೆ ಮೊದಲ ಬಸ್ಸಿಗೆ ಹೋಗೋಣ ಅಂದುಕೊಂಡರಂತೆ, ಒಂದು ಸಂಜೆ, ಒಂದೇ ಒಂದು ಮೊದಲ ಬಸ್ಸು — ಸೋಮವಾರ ಮಧ್ಯಾಹ್ನ ಸಿದ್ದರಾಮು ಲಿಫ್ಟಿನ ಬಾಗಿಲಲ್ಲಿ ಚಾಪೆ ಸುತ್ತಿ ಕಂಕುಳಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಅವಳ ಸ್ಟೀಲ್ ಲೋಟ ಹಿಡಿದು ಒಬ್ಬನೇ ನಿಂತಿದ್ದ, ಲೋಟದಲ್ಲಿ ಅರ್ಧ ನೀರಿತ್ತು, ಚೆಲ್ಲದೆ ಹಿಡಿದುಕೊಂಡಿದ್ದ, ಎಷ್ಟು ಹೊತ್ತಿಗೆ ಬಂದ್ರಿ ಅಂತ ರಾಮಲಿಂಗಯ್ಯ ಕೇಳಿದ್ದಕ್ಕೆ ಒಂಬತ್ತೂವರೆಗೆ ಅಂದ, ಒಸಿ ಲೇಟಾಯ್ತು ಅಣ್ಣ ಅಂದ.

ನಾಲ್ಕನೆಯ ಪದ್ಯ ಮುಗಿದಿದೆ, ಮುಗಿದು ಹೊತ್ತಾಗಿದೆ, ಐದನೆಯದನ್ನು ಶುರು ಮಾಡಿದ್ದಾನೆ, ಇನ್ನೊಂದು ಪದ್ಯ ಹೇಳಿಕೊಂಡರೆ ಏನಂತೆ, ತೆಗೆಯದೆ ಇರುವಷ್ಟು ಹೊತ್ತು ಅದು ಚುಕ್ಕೆಯ ಕೆಳಗೇ ಇದೆ, ಅವಳು ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದಾಳೆ, ಎಲ್ಲಿಗೆ ಬಂದಿರ್ಬೋದು ಅವು, ಬಸ್ಸು ಮಾಗಡಿ ಬುಟ್ಟಿರ್ತದಾ, ಮಗೀಗೆ ಬಿಸ್ಲು ತಗಲದಂಗೆ ಟೋಪಿ ಹಾಕವ್ಳೋ ಇಲ್ವೋ, ನವ್ಯಂಗೆ ಬುದ್ಧಿ ಕಮ್ಮಿ, ಹೌದು, ಇವತ್ತು ಮಗಳು ನವ್ಯಶ್ರೀ ಬರುತ್ತಾಳೆ, ಗಂಡನ ಊರು ಸೋಲೂರಿನಿಂದ, ಲೋಕೇಶನ ಜೊತೆ, ಮಗು ಎತ್ತಿಕೊಂಡು, ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು, ಬಾಣಂತನ ತಾಯಿ ಮಾಡಬೇಕು, ಬಸುರಿ ಮಗಳನ್ನು ಸೋಲೂರಲ್ಲೇ ಬಿಟ್ಟು ತಾಯಿ ಆಸ್ಪತ್ರೆ ಸೇರಿದಳು, ಮಾಘದಲ್ಲಿ ಗಂಡು ಮಗು ಆಯಿತು ಅಂತ ಫೋನು ಬಂದಾಗ ಸರಸಮ್ಮನ ತೋಳಿಗೆ ಕೆಂಪು ಮದ್ದು ಇಳಿಯುತ್ತಿತ್ತು, ಅವನು ಮೊಬೈಲನ್ನು ಅವಳ ಕಿವಿಗೆ ಹಿಡಿದ, ಮಗು ಅತ್ತಿತು, ಇವಳು ಅಳಲಿಲ್ಲ, ಅವನ ಕಡೆ ತಿರುಗಿ ಗಂಟಲು ದಪ್ಪ ಐತೆ, ನಿಮ್ಮಪ್ಪನಂಗೆ ಪದ ಹೇಳ್ತಾನೆ ಅಂದಳು, ಮೂರು ತಿಂಗಳಿಂದ ಆ ಅಳುವೊಂದನ್ನೇ ಇಟ್ಟುಕೊಂಡಿದ್ದಾಳೆ, ಎಳೆ ಮಕ್ಕಳನ್ನು ಆಸ್ಪತ್ರೆಗೆ ಬಿಡುವುದಿಲ್ಲ, ಮುಟ್ಟುವಂತೆಯೂ ಇಲ್ಲ, ಬಲೆಯಾಚೆ ಜಗಲಿಯಲ್ಲಿ ನಿಂತು ತೋರಿಸಿ ಹೋಗಲಿ ಅಂತ ವಾರದಿಂದ ಹಠ ಹಿಡಿದು ಅವನಿಂದ ಹೂಂ ಅನ್ನಿಸಿದ್ದಾಳೆ, ಮಗುವನ್ನು ಎತ್ತಿ ಹಿಡಿಯುವ ಜಾಗಕ್ಕೆ ನೆರಳಾಗಲಿ ಅಂತ ಅವನು ನಿನ್ನೆ ಚಪ್ಪರದ ಗರಿ ಕಟ್ಟಿದ್ದಾನೆ, ಏಳು ಗಂಟೆಗೆ ಹೊರಟಿದ್ದಾರೆ, ಮಾಗಡಿಯಲ್ಲಿ ಒಂದು, ರಾಮನಗರದಲ್ಲಿ ಒಂದು, ಚನ್ನಪಟ್ಟಣದಲ್ಲಿ ಒಂದು ಬಸ್ಸು ಬದಲಾಯಿಸಿ ಹನ್ನೆರಡಕ್ಕೆ ಬರುತ್ತಾರೆ, ಈಗ ಹತ್ತು, ಸಾಕು ತೆಗಿ, ಕಂಕ್ಳು ನೋಯ್ತಾ ಐತೆ ಅಂದಳು, ಐದನೆಯ ಪದ್ಯದ ಕೊನೆಯ ಸಾಲು ಅವನಿಗೆ ನೆನಪಾಗಲಿಲ್ಲ, ಐವತ್ತು ವರ್ಷದಲ್ಲಿ ಒಂದು ಸಲವೂ ಮರೆಯದ ಸಾಲು, ತೆಗೆದ, ಕಿಟಕಿಯ ಬೆಳಕಿಗೆ ತಿರುಗಿಸಿದ, ಮೊದಲು ಏನೂ ಕಾಣಲಿಲ್ಲ, ಗಾಜು ಹೊಳೆಯಿತು, ಇನ್ನೊಂದಿಷ್ಟು ತಿರುಗಿಸಿದ, ಚುಕ್ಕೆ ಕಂಡಿತು, ಬೆಳ್ಳಿ ಗೆರೆ ಚುಕ್ಕೆಯ ಕೆಳಗೆ ನಿಂತಿರಲಿಲ್ಲ, ಚುಕ್ಕೆಯ ಒಳಗೂ ನಿಂತಿರಲಿಲ್ಲ, ದಾಟಿ ಒಂದು ಗೋಧಿ ಕಾಳಿನಷ್ಟು ಮುಂದೆ ಹೋಗಿತ್ತು, ಅಂಕಿ ಓದಿದ, ನೂರೊಂದು.

ಏಸೈತೆ ಅಂದಳು, ಅವನು ಬಾಗಿಲಿಗೆ ಬಂದು ಮುಕ್ತಿಯಾರನಿಗೆ ಫೋನು ಮಾಡಿದ, ರಾಮನಗರದ ಮಾರ್ಕೆಟ್ಟಿಗೆ ಊರಿನ ಗೂಡು ಸಾಗಿಸುವ ವ್ಯಾನಿನವನು, ಇವಳ ಸಲುವಾಗಿ ವಾರವೆಲ್ಲ ವ್ಯಾನು ತೊಳೆದು ಖಾಲಿ ನಿಲ್ಲಿಸಿಕೊಂಡವನು, ಚನ್ನಪಟ್ಣದಲ್ಲೇ ಅವ್ನೀ ಅಣ್ಣ, ಹತ್ತು ನಿಮಿಷ, ಅಕ್ಕನ್ನ ಎಬ್ಬಿಸಿ ಕೂರ್ಸು ಅಂದ, ಲೋಕೇಶನಿಗೆ ಮಾಡಿದರೆ ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ, ಮತ್ತೆ ಮಾಡಿದ, ಹೊರಗಿದ್ದಾರೆ, ಸಾವನದುರ್ಗದ ಬಂಡೆಯ ಮರೆಯಲ್ಲಿ ಎಲ್ಲೋ ಬಸ್ಸಿನಲ್ಲಿದ್ದಾರೆ, ಇವರು ಹೆದ್ದಾರಿಯಲ್ಲಿ ಹೋಗುವ ಹೊತ್ತಿಗೆ ರಾಮನಗರ ತಲುಪಿರುತ್ತಾರೋ, ಇವರು ದಾಟಿದ ಮೇಲೆ ಬರುತ್ತಾರೋ, ಯಾರು ಬಲ್ಲರು, ಹಿಂದಿರುಗಿ ನೋಡಿದರೆ ಅವಳು ಎದ್ದು ಕೂತಿದ್ದಾಳೆ, ತಲೆಯ ಬಟ್ಟೆ ಸರಿಮಾಡಿಕೊಂಡಿದ್ದಾಳೆ, ಆಸ್ಪತ್ರೆಯ ಚೀಲ ಅವನು ಯಾವಾಗಲೂ ಕಟ್ಟಿಟ್ಟಿರುತ್ತಾನೆ, ಅದನ್ನು ನೋಡುತ್ತಿದ್ದಾಳೆ, ಯಾವತ್ತೂ ಯಾರ ಮುಂದೆಯೂ ಕೈ ಒಡ್ಡದವಳು ಎರಡೂ ಕೈ ಜೋಡಿಸಿದ್ದಾಳೆ, ಮುಂಗೈಯಲ್ಲಿ ಸೂಜಿ ಚುಚ್ಚಿದ ಕಪ್ಪು ಗುರುತು, ಎರಡೇ ಗಂಟೆ ಕಣಪ್ಪ ಅಂದಳು, ಹನ್ನೆರಡಕ್ಕೆ ಬತ್ತಾವೆ, ಮಗೀನ ಮಕ ನೋಡ್ಬುಟ್ಟು ನಾನೇ ಎದ್ದು ವ್ಯಾನ್ ಹತ್ತೀನಿ, ಈಗ ಹೋದ್ರೆ ನಾನು ಬತ್ತೀನೋ ಇಲ್ವೋ, ನೋಡ್ದೇನೇ ಹೋಗು ಅಂತೀಯಾ — ಅವಳು ಹೇಳಿದ್ದು ಸುಳ್ಳಲ್ಲ, ಎರಡು ಗಂಟೆಯಲ್ಲಿ ಏನೂ ಆಗದೆಯೂ ಇರಬಹುದು, ಈಗಲೇ ಹೊರಟು, ಅಲ್ಲಿ ಏನಾದರೂ ಆಗಿ, ಮಗುವಿನ ಮುಖ ನೋಡದೆ ಅವಳು — ಆಗ ಅವನು ಆ ಮಗುವನ್ನು ಯಾವ ಕೈಯಲ್ಲಿ ಎತ್ತಿಕೊಳ್ಳುತ್ತಾನೆ, ಮಗಳಿಗೆ ಏನು ಹೇಳುತ್ತಾನೆ, ನಿಮ್ಮವ್ವ ಕೈ ಮುಗಿದು ಕೇಳಿದಳು ಕಣವ್ವ ಅಂತಲೇ, ನಿಂತರೆ ಭಯ, ಹೊರಟರೆ ಭಯ, ದೇವರು ಯಾವ ಕಡೆ ಇದ್ದಾನೋ ತಿಳಿಯುವುದಿಲ್ಲ, ಒಂದು ಪದ್ಯವೂ ಬಾಯಿಗೆ ಬರುವುದಿಲ್ಲ, ಬೀದಿಯ ತಿರುವಿನಲ್ಲಿ ಮುಕ್ತಿಯಾರನ ಹಾರನ್ನು ಕೇಳಿಸಿತು, ಕೇಳಿಸ್ತಾ, ಎರಡೇ ಗಂಟೆ, ಹೂಂ ಅನ್ನು ಅಂದಳು, ಅವನ ಮುಷ್ಟಿಯಲ್ಲಿ ಥರ್ಮಾಮೀಟರು, ಕೆಂಪು ಚುಕ್ಕೆ, ಚುಕ್ಕೆ ದಾಟಿದ ಬೆಳ್ಳಿ ಗೆರೆ, ಚುಕ್ಕೆ, ಗೆರೆ —

ಆಗಾಕಿಲ್ಲ, ಅಂದ ರಾಮಲಿಂಗಯ್ಯ.